ಫ್ಲೂ ಚಳಿಗಾಲದ್ದೋ ಮಳೆಗಾಲದ್ದೋ? ನಮ್ ವಾರ್ಡ್ ನೋಡಿದ್ರೆ ಲೆಕ್ಕನೇ ಬೇರೆ

ಅಡಿಕೆತೋಟ, ಶಿರಸಿ:
ನಮಸ್ಕಾರ ಎಲ್ರಿಗೂ. ನಾನು ಶಿರಸಿ ಕಡೆ ಸ್ಟಾಫ್ ನರ್ಸ್, ಮೆಡಿಸಿನ್ ವಾರ್ಡಲ್ಲಿ ಏಳು ವರ್ಷ ಆಯ್ತು. ಇನ್‌ಫ್ಲುಯೆಂಜಾ ಅಂದ್ರೆ ಚಳಿಗಾಲದ ಕಾಯಿಲೆ ಅಂತ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು, ಆದ್ರೆ ಇಲ್ಲಿ ಡಿಸೆಂಬರಲ್ಲಿ ಅಂಥ ಪೇಶಂಟೇ ಕಮ್ಮಿ, ತೋಟದಲ್ಲಿ ಅಡಿಕೆ ಕೊಳೆರೋಗಕ್ಕೆ ಔಷಧ ಹೊಡೆಯೋ ಹೊತ್ತಿಗೆ ನೋಡಿ ಸರಿಯಾಗಿ ಶುರು, ಜುಲೈ ಆಗಸ್ಟಲ್ಲಿ ಥಂಡಿ ಜ್ವರ ಮೈಕೈ ನೋವು ಅಂತ ಒಪಿಡಿ ತುಂಬತ್ತೆ, ಅದಾಗಿ ಒಂದು ವಾರಕ್ಕೆ ಉಬ್ಬಸ ನ್ಯುಮೋನಿಯಾ ಅಂತ ನಮ್ ವಾರ್ಡ್ ತುಂಬತ್ತೆ. ಆಮೇಲೆ ಫೆಬ್ರವರಿ ಮಾರ್ಚಲ್ಲಿ ಇನ್ನೊಂದು ಸಣ್ಣ ಅಲೆ. ಇದು ನಮ್ಮಲ್ಲಿ ಮಾತ್ರನಾ?

ಕೇಳೋಕೆ ಇನ್ನೊಂದು ಕಾರಣ ಇದೆ. ಅಪ್ಪಯ್ಯಂಗೆ 71, ಸಿಒಪಿಡಿ, ಅಂದ್ರೆ ಉಸಿರು ಕಟ್ಟೋ ಶ್ವಾಸಕೋಶದ ಹಳೇ ಕಾಯಿಲೆ. ಹೋದ ಆಗಸ್ಟಲ್ಲಿ ಆರು ದಿನ ಆಕ್ಸಿಜನ್ ಮೇಲಿದ್ರು. ಫ್ಲೂ ಲಸಿಕೆ ಅಕ್ಟೋಬರಲ್ಲಿ ಹಾಕ್ಸಿ ಅಂತ ನೆಟ್ಟಲ್ಲಿ ಎಲ್ಲಾ ಕಡೆ ಇದೆ, ಅಷ್ಟೊತ್ತಿಗೆ ನಮ್ಮಲ್ಲಿ ಮಳೆನೇ ಮುಗಿದಿರತ್ತಲ್ಲ?

ಕಡಲತಡಿ, ಕಾರವಾರ:
ಸಿಸ್ಟರ್, ನೀವು ನೋಡಿದ್ದೇ ಸರಿ. ನಾನು ಫಿಜಿಶಿಯನ್, ಇಲ್ಲೂ ಅದೇ ಕಥೆ. ಆ ಅಕ್ಟೋಬರ್ ಲೆಕ್ಕ ಅಮೆರಿಕ ಯುರೋಪಿಂದು. ನಮ್ ದೇಶದಲ್ಲೇ ಶ್ರೀನಗರದಲ್ಲಿ ಚಳಿಗಾಲದಲ್ಲಿ ಏರತ್ತೆ, ನಮ್ ಕಡೆ ಮಳೆ ಜೊತೆ ಏರತ್ತೆ, ಜನವರಿಯಿಂದ ಮಾರ್ಚ್ ಒಳಗೆ ಇನ್ನೊಂದು ಸಲ. 2023ರ ಮಾರ್ಚ್ ನೆನಪಿರ್ಬೇಕಲ್ಲ, ಎಚ್3ಎನ್2 ಅನ್ನೋ ಫ್ಲೂ ತಳಿ ಅಂತ ಟೀವಿಯವರು ಹೆದರಿಸಿದ್ದು, ಹಾಸನ ಜಿಲ್ಲೇಲಿ ವಯಸ್ಸಾದವರೊಬ್ರು ತೀರಿಕೊಂಡಿದ್ದು, ಅದು ಈ ಎರಡನೇ ಅಲೆ. 2009ರ ಎಚ್1ಎನ್1, ಆ ಹಂದಿಜ್ವರ ಕೂಡ ಎಲ್ಲೂ ಹೋಗಿಲ್ಲ, ಈಗ ಸೀಸನಲ್ ಫ್ಲೂನಲ್ಲೇ ಸೇರ್ಕೊಂಡಿದೆ.

ಮಳೇಲೇ ಯಾಕೆ ಅಂದ್ರೆ ನಿಮ್ ವಾರ್ಡನ್ನೇ ಒಂದ್ಸಲ ನೋಡಿ. ಇರಚಲು ಹೊಡೆಯತ್ತೆ ಅಂತ ಕಿಟಕಿ ಪೂರ್ತಿ ಹಾಕಿರ್ತಾರೆ, ಮಂಚದ ಕೆಳಗೆ ಒದ್ದೆ ಛತ್ರಿ, ಸರಳಿಗೆ ಒಣಹಾಕಿದ ಟವೆಲ್, ಒಬ್ಬ ಪೇಶಂಟಿಗೆ ಮೂರು ಜನ ನೋಡ್ಕೊಳ್ಳೋರು, ಅದ್ರಲ್ಲಿ ಒಬ್ರು ಕೆಮ್ತಾ ಇರ್ತಾರೆ. ಗಾಳಿ ಆಡಲ್ಲ. ಜೂನಲ್ಲಿ ಶಾಲೆ ಶುರು ಆಗಿರತ್ತೆ, ಮಕ್ಕಳು ಮನೆಗೆ ತರ್ತಾರೆ, ಮನೇಲಿ ಅಜ್ಜಂಗೆ ಹತ್ತತ್ತೆ. ಹವೆಯ ತೇವಾಂಶಕ್ಕೂ ವೈರಸ್ಸಿಗೂ ಸಂಬಂಧ ಇದೆ, ಆದ್ರೆ ನಮ್ಮಂಥ ಊರಲ್ಲಿ ಜನ ಒಳಗೇ ಗುಂಪಾಗಿರೋದೇ ದೊಡ್ಡ ಕಾರಣ ಅಂತ ನನ್ನ ಅಂದಾಜು.

ಲಸಿಕೆ ಏಪ್ರಿಲ್ ಕೊನೆ, ಮೇ ಒಳಗೆ ಹಾಕ್ಸಿ. ಶಕ್ತಿ ಬರೋಕೆ ಎರಡು ವಾರ ಬೇಕು, ಮಳೆ ಹಿಡಿಯೋದ್ರೊಳಗೆ ಆಗಿರತ್ತೆ. ಪ್ರತಿವರ್ಷ ಹಾಕಿಸ್ಬೇಕು, ವೈರಸ್ ಬಣ್ಣ ಬದಲಿಸ್ತಾ ಇರತ್ತೆ. ಡಬ್ಲ್ಯೂಎಚ್‌ಒ ವರ್ಷಕ್ಕೆರಡು ಸಲ, ಫೆಬ್ರವರೀಲಿ ಉತ್ತರಾರ್ಧಕ್ಕೆ ಸೆಪ್ಟೆಂಬರಲ್ಲಿ ದಕ್ಷಿಣಾರ್ಧಕ್ಕೆ, ಯಾವ ತಳಿ ಹಾಕ್ಬೇಕು ಅಂತ ಹೇಳತ್ತೆ. ನಾವು ಭೂಪಟದಲ್ಲಿ ಉತ್ತರಾರ್ಧದವ್ರೇ ಆದ್ರೂ ಮೇ ತಿಂಗಳಿಗೆ ಹೊಂದೋದು ಆ ಸೆಪ್ಟೆಂಬರದ್ದು. ಹಾಗಾಗಿ ಅಂಗಡೀಲಿ ಡಬ್ಬಿ ಮೇಲೆ ಯಾವ ಸೀಸನ್ ಅಂತ ಓದಿ ತಗೊಳ್ಳಿ.

ಮಾರಾಯ_ಕುಮಟಾ:
ಲಸಿಕೆ ಹಾಕ್ಸಿದ್ರೂ ನಮ್ ಮಾವಂಗೆ ಜ್ವರ ಬಂತು ಮಾರಾಯ್ರೆ, ದುಡ್ಡು ದಂಡ. ಕಾಳುಮೆಣಸಿನ ಕಷಾಯ ಕುಡಿದು ಮಲಗಿದ್ರೆ ಸಾಕು.

ಕಡಲತಡಿ, ಕಾರವಾರ:
ಬರತ್ತೆ, ಬರೋದೇ ಇಲ್ಲ ಅಂತ ಯಾರೂ ಹೇಳಿಲ್ಲ. ನಿಮ್ ಮಾವ ಅಡ್ಮಿಟ್ ಆದ್ರಾ? ಇಲ್ಲ ತಾನೆ? ಕಷಾಯ ನಾನೂ ಕುಡಿತೀನಿ, ಗಂಟಲಿಗೆ ಹಿತ. ಆದ್ರೆ ಸಕ್ಕರೆ ಕಾಯಿಲೆಯವರು, ಬಸುರಿಯರು, 65 ದಾಟಿದವರು ಕಷಾಯ ಕುಡ್ಕೊಂಡು ಐದು ದಿನ ಕಾಯ್ಬಾರ್ದು, ಫ್ಲೂ ವೈರಸ್ಸಿಗೆ ಕೊಡೋ ಒಸೆಲ್ಟಮಿವಿರ್ ಮಾತ್ರೆ ಜ್ವರ ಶುರುವಾಗಿ 48 ಗಂಟೆ ಒಳಗೆ ಶುರು ಮಾಡಿದ್ರೇ ಹೆಚ್ಚು ಉಪಯೋಗ. ಮತ್ತೆ ಮೆಡಿಕಲ್ ಶಾಪಿಂದ ನೀವೇ ಆಂಟಿಬಯೋಟಿಕ್ ತಗೊಂಡು ನುಂಗ್ಬೇಡಿ, ವೈರಸ್ಸಿಗೆ ಅದು ಏನೂ ಮಾಡಲ್ಲ.

ಶರಾವತಿ_ದಂಡೆ, ಹೊನ್ನಾವರ:
ಒಂದು ಮಾತು ಸೇರಿಸ್ತೀನಿ, ಲ್ಯಾಬಲ್ಲಿ ಕೆಲ್ಸ ನಂದು. ಜ್ವರ ಅಂದ ತಕ್ಷಣ ಫ್ಲೂ ಅನ್ಬೇಡಿ. ಮಳೇಲಿ ಗದ್ದೆ ಕೆಸರಲ್ಲಿ ಬರಿಗಾಲಲ್ಲಿ ಇಳಿದವರಿಗೆ ಇಲಿಜ್ವರ, ಡೆಂಗಿ ಬೇರೆ. ಡಿಸೆಂಬರಿಂದ ಮೇ ತನಕ ಸೊಪ್ಪು, ಒಣಎಲೆ ದರಕು ಅಂತ ಕಾಡಿಗೆ ಹೋದವರಾದ್ರೆ ಉಣುಗು (ಉಣ್ಣೆ) ಕಚ್ಚಿ ಬರೋ ಮಂಗನ ಕಾಯಿಲೆ, ಉಣುಗು ಕಚ್ಚಿತ್ತಾ ಅಂತ ಕೇಳ್ಲೇಬೇಕು. ನಿಮ್ ಮಾರ್ಚ್ ಅಲೆಯೂ ಅದೂ ಒಂದೇ ಹೊತ್ತಿಗೆ ಬರೋದು, ಶಿರಸಿ ಸಿದ್ದಾಪುರ ಕಡೆ ಎರಡೂ ಕಲಸಿಹೋಗತ್ತೆ. ಮತ್ತೆ ಸಾದಾ ಜ್ವರದವರಿಗೆ ಫ್ಲೂ ಟೆಸ್ಟ್ ಮಾಡೋದೇ ಇಲ್ಲ, ಅಡ್ಮಿಟ್ ಆದವರದ್ದೇ ಲೆಕ್ಕಕ್ಕೆ ಬರೋದು, ಊರಲ್ಲಿ ಎಷ್ಟು ಜನಕ್ಕೆ ಬಂದು ಹೋಯ್ತು ಅಂತ ರಿಜಿಸ್ಟರ್ ಹೇಳಲ್ಲ.

ಅಡಿಕೆತೋಟ, ಶಿರಸಿ:
ಥ್ಯಾಂಕ್ಸ್ ಡಾಕ್ಟ್ರೇ, ಉಣುಗಿನ ಮಾತು ಹೇಳಿದವರಿಗೂ. ಅಂಗಡೀಲಿ ಇವತ್ತೇ ಕೇಳ್ದೆ, ಫ್ರಿಜ್ಜಿಂದ ಹೋದ ಸೀಸನ್ನಿನ ಡಬ್ಬಿ ತೆಗೆದು ‘ಎಕ್ಸ್‌ಪೈರಿ ಇನ್ನೂ ಎರಡು ತಿಂಗಳಿದೆ ಅಕ್ಕ’ ಅಂದ. ಬೇಡ ಅಂದು ನಂಬರ್ ಕೊಟ್ಟು ಬಂದೆ, ಹೊಸದು ಬಂದ್ರೆ ಫೋನ್ ಮಾಡ್ತಾನಂತೆ. ಅಪ್ಪಯ್ಯಂಗೆ ಇನ್ನೂ ಹೇಳಿಲ್ಲ, ಸೂಜಿ ಅಂದ್ರೆ ತೋಟಕ್ಕೆ ಓಡ್ತಾರೆ.