ಸಹಾಯ ಬೇಕು: ಹಳೇ ಮೋಟರ್‌ಹೋಮ್‌ನ ಗ್ಯಾಸ್ ಹೀಟರ್ ಹೊತ್ತಿಕೊಂಡು ಆರಿಹೋಗುತ್ತಿದೆ

ನಮಸ್ಕಾರ. ಗೋವಾದ ಕಾಣಕೋಣದಲ್ಲಿದ್ದೇವೆ. ಮನೆಯಂತೆ ವಾಸಿಸಬಹುದಾದ ಗಾಡಿ, ಅಂದರೆ ನಮ್ಮ ಹಳೇ ಮೋಟರ್‌ಹೋಮ್‌ನಲ್ಲಿ 12 ವೋಲ್ಟ್‌ನ ಗ್ಯಾಸ್ ವಾಟರ್ ಹೀಟರ್ ಇದೆ. ಸದಾ ಉರಿಯುತ್ತಿರುವ ಪುಟ್ಟ ಪೈಲಟ್ ಉರಿ ಇಲ್ಲ, ಸ್ವಿಚ್ ಹಾಕಿದರೆ ತಾನೇ ಹೊತ್ತಿಕೊಳ್ಳುವ ಬಗೆ. ಈಗ ಚಟಚಟ ಅಂತ ಕಿಡಿ ಬರುತ್ತದೆ, ಬುಸ್ ಅಂತ ನೀಲಿ ಉರಿಯೂ ಏಳುತ್ತದೆ. ಐದಾರು ಸೆಕೆಂಡಿಗೆ ಟಕ್ ಅಂತ ಆರಿ, ಕೆಂಪು ದೀಪ ಬರುತ್ತದೆ.

ಬರ್ನರ್ ಟ್ಯೂಬಿನ ಜೇಡರ ಬಲೆ ತೆಗೆದೆ. ಕಿಡಿ ಹಾರಿಸುವ ಎಲೆಕ್ಟ್ರೋಡ್ ಕಡ್ಡಿಯ ತುದಿ ಉಜ್ಜಿದೆ. ಬ್ಯಾಟರಿ ಫುಲ್, ಗ್ಯಾಸ್ ಒಲೆ ಚೆನ್ನಾಗೇ ಉರಿಯುತ್ತದೆ. ಸಮುದ್ರದ ಗಾಳಿಗೆ ಇಲ್ಲಿ ಎಲ್ಲಕ್ಕೂ ತುಕ್ಕು ಅಲ್ವಾ, ಅರ್ಥಿಂಗ್ ವೈರಿನ ತುದಿ ಹಸಿರುಗಟ್ಟಿತ್ತು. ಅದನ್ನೂ ಕೆರೆದು ಬಿಗಿ ಮಾಡಿದೆ. ಊಹೂಂ.

ಕಾರವಾರದ ಮೆಕ್ಯಾನಿಕ್ ಒಬ್ಬರು ಮನೆಯ ಗ್ಯಾಸ್ ಗೀಸರ್ ಹಾಕಿಬಿಡಿ ಅಂದರು. ಅದರ ಹೊಗೆ ಗಾಡಿಯೊಳಗೇ ತುಂಬುತ್ತದೆ, ಜೀವಕ್ಕೇ ಅಪಾಯ. ಬೇಡವೇ ಬೇಡ.

ಮಲ್ಟಿಮೀಟರ್ ಹಿಡಿದು ನೋಡಿದೆ: ಮೊದಲು ಗ್ಯಾಸ್ ಬಿಡುವ ವಾಲ್ವಿನ ವೋಲ್ಟೇಜ್ ಹೋಗುತ್ತದೆ, ಆಮೇಲೆ ಉರಿ ಆರುತ್ತದೆ. ಅಂದರೆ ಹೀಟರನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡೇ ವಾಲ್ವನ್ನು ಮುಚ್ಚಿಸುತ್ತಿದೆ. ಉರಿ ಇದೆ ಅಂತ ಬೋರ್ಡಿಗೆ ತಿಳಿಸುವುದೂ ಅದೇ ಎಲೆಕ್ಟ್ರೋಡ್. ಎಲೆಕ್ಟ್ರೋಡಿನ ಸುತ್ತಲಿನ ಪಿಂಗಾಣಿ ಬಿರುಕು ಬಿಟ್ಟು ಸಿಗ್ನಲ್ ಸೋರುತ್ತಿದೆಯೋ, ಬೋರ್ಡಿಗೇ ಕಣ್ಣು ಮಂಜಾಗಿದೆಯೋ ಗೊತ್ತಾಗುತ್ತಿಲ್ಲ. ಬೋರ್ಡ್ ದುಬಾರಿ, ಸುಮ್ನೆ ತರಿಸಲು ಮನಸ್ಸಿಲ್ಲ.

ಎರಡನ್ನೂ ಕೊಳ್ಳದೆ, ತಪ್ಪು ಎಲೆಕ್ಟ್ರೋಡಿನದೋ ಬೋರ್ಡಿನದೋ ಅಂತ ಮಲ್ಟಿಮೀಟರಿನಲ್ಲೇ ಪತ್ತೆ ಮಾಡುವುದು ಹೇಗೆ? ಯಾವ ಎರಡು ತುದಿಗಳ ನಡುವೆ, ಏನನ್ನು ಅಳೆಯಬೇಕು?