ಒಡೆಯುವುದು, ಒಯ್ಯುವುದು, ಒಟ್ಟುವುದು: ಶಿಥಿಲೀಕರಣದ ಪಾಠಕ್ಕೆ ನಿಮ್ಮ ಅನುಭವ ಹೇಳಿ

ಕೇಳಿದವರು: ಐದನೇ ತರಗತಿಗೆ ಶಿಥಿಲೀಕರಣ ಮತ್ತು ಸವೆತದ ಪಾಠ ಮಾಡಬೇಕಿದೆ. ಕಳೆದ ವರ್ಷ ವ್ಯಾಖ್ಯಾನ ಬರೆಸಿ ಮುಗಿಸಿದ್ದೆ. ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳು ಎರಡು ಪ್ರಶ್ನೆಗೂ ಒಂದೇ ಉತ್ತರ ಬರೆದಿದ್ದರು, ತಪ್ಪು ಅವರದಲ್ಲ. ಈ ಸಲ ಅವರ ಕೈಯಿಂದಲೇ ಮಾಡಿಸಬೇಕೆಂದಿದ್ದೇನೆ. ಮೂವತ್ತು ಮಕ್ಕಳು, ಒಂದು ನಲ್ಲಿ, ಪ್ರಯೋಗಾಲಯವಿಲ್ಲ. ಯಾವುದು ಫಲಿಸಿತು, ಯಾವುದು ಕೈಕೊಟ್ಟಿತು, ದಯವಿಟ್ಟು ತಿಳಿಸಿ.

ವಿಜ್ಞಾನ ಶಿಕ್ಷಕಿ: ಮೊದಲು ದೊಡ್ಡ ಪದಗಳನ್ನು ಬದಿಗಿಡಿ ಮೇಡಂ. ನಾನು ಹಲಗೆಯ ಮೇಲೆ ಬರೆಯುವುದು ಮೂರೇ: ಒಡೆಯುವುದು, ಒಯ್ಯುವುದು, ಒಟ್ಟುವುದು. ಕಲ್ಲು ಇದ್ದಲ್ಲೇ ಬಿರಿದು ಪುಡಿಯಾದರೆ ಒಡೆಯುವುದು, ಅದು ಶಿಥಿಲೀಕರಣ. ಆ ಪುಡಿಯನ್ನು ನೀರೋ ಗಾಳಿಯೋ ಹಿಮನದಿಯೋ ಹೊತ್ತುಕೊಂಡು ಹೋದರೆ ಒಯ್ಯುವುದು, ಸವೆತ. ಹೊರಲಾರದೆ ಎಲ್ಲೋ ಇಳಿಸಿದರೆ ಒಟ್ಟುವುದು, ಸಂಚಯನ. ಯಾವ ಚಟುವಟಿಕೆಯೇ ಇರಲಿ, ನಡುವೆ ನಿಲ್ಲಿಸಿ “ಈಗ ನಡೆಯುತ್ತಿರುವುದು ಮೂರರಲ್ಲಿ ಯಾವುದು?” ಎಂದು ಕೇಳುತ್ತೇನೆ. ಜಗಳ ಹುಟ್ಟಿದರೆ ಪಾಠ ಗೆದ್ದಂತೆ.

ಆರಂಭಕ್ಕೆ ಸಕ್ಕರೆ ಕ್ಯೂಬು ಒಳ್ಳೆಯದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗೆ ಹತ್ತು ಕ್ಯೂಬು, ನಾಲ್ಕಾರು ಬೆಣಚುಕಲ್ಲು ಹಾಕಿ ನೂರು ಸಲ ಕುಲುಕಿಸಿ. ಹೋಲಿಸಲು ಒಂದು ಕ್ಯೂಬನ್ನು ಹೊರಗೇ ಇಟ್ಟಿರಿ. ಒಳಗಿನವು ಮೂಲೆ ಕಳೆದುಕೊಂಡು ದುಂಡಗಾಗಿರುತ್ತವೆ, ತಳದಲ್ಲಿ ಪುಡಿ ಕೂತಿರುತ್ತದೆ. ಗದ್ದಲ ವಿಪರೀತ, ಪಕ್ಕದ ತರಗತಿಗೆ ಮೊದಲೇ ಹೇಳಿಬಿಡಿ.

ಪ್ರೌಢಶಾಲೆಯ ಶಿಕ್ಷಕ: ಸೀಮೆಸುಣ್ಣಕ್ಕೆ ವಿನೆಗರ್ ಹಾಕಿ ತೋರಿಸಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಅದರಲ್ಲಿ ಮುಖಭಂಗ ಅನುಭವಿಸಿದವನು. “ನೋಡಿ, ಈಗ ನೊರೆ ಬರುತ್ತದೆ” ಎಂದು ಠೀವಿಯಿಂದ ಹನಿ ಹಾಕಿದೆ. ಬರಲಿಲ್ಲ. ಇನ್ನಷ್ಟು ಹಾಕಿದೆ. ಸೀಮೆಸುಣ್ಣ ಒದ್ದೆಯಾಯಿತು, ಅಷ್ಟೇ. ಕರಿಹಲಗೆಯ ಸೀಮೆಸುಣ್ಣ ಎಷ್ಟೋ ಸಲ ಜಿಪ್ಸಮ್‌ನಿಂದ, ಎಂದರೆ ಕ್ಯಾಲ್ಸಿಯಂ ಸಲ್ಫೇಟಿನಿಂದ ಮಾಡಿದ್ದು; ಅದು ವಿನೆಗರಿಗೆ ಜಗ್ಗುವುದಿಲ್ಲ. ನಮಗೆ ಬೇಕಾದದ್ದು ಕ್ಯಾಲ್ಸಿಯಂ ಕಾರ್ಬೊನೇಟ್: ಮೊಟ್ಟೆಯ ಚಿಪ್ಪು, ಅಮೃತಶಿಲೆಯ ಚೂರು, ಸುಣ್ಣಕಲ್ಲು. ಈಗ ಬೇಕೆಂದೇ ಎರಡು ಬಗೆಯನ್ನೂ ಇಡುತ್ತೇನೆ. ಒಂದೇ ಹುಳಿಗೆ ಒಂದು ಕರಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ ಎಂಬುದನ್ನು ಮಕ್ಕಳೇ ಕಾಣುತ್ತಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗುವುದರಿಂದ ಸ್ವಚ್ಛ ಮಳೆನೀರೂ ತುಸು ಆಮ್ಲೀಯ, ಪಿಎಚ್ ಸುಮಾರು 5.6. ವಿನೆಗರ್ ಅದಕ್ಕಿಂತ ಎಷ್ಟೋ ಪಾಲು ತೀಕ್ಷ್ಣ ಎಂಬುದನ್ನು ಹೇಳಲು ಮರೆಯಬೇಡಿ. ಇಲ್ಲದಿದ್ದರೆ ಮಳೆ ಬಂದಾಗ ಬಂಡೆಗಳಿಂದ ನೊರೆ ಏಳುತ್ತದೆ ಎಂದುಕೊಳ್ಳುತ್ತಾರೆ.

ಚಿಪ್ಪನ್ನು ಪುಡಿ ಮಾಡಿ ಹಾಕಿದರೆ ನೊರೆ ಜೋರು. ಏಕೆಂದು ತೋರಿಸಲು ಜೇಡಿಮಣ್ಣಿನಲ್ಲಿ 2 ಸೆಂ.ಮೀ. ಬದಿಯ ಘನ ಮಾಡಿಸಿ, ದಾರದಿಂದ ಎಂಟು ಸಮ ತುಂಡು ಮಾಡಿಸಿ. ಹೊರಮೈ 24 ಚದರ ಸೆಂ.ಮೀ. ಇದ್ದದ್ದು 48 ಆಗುತ್ತದೆ. ಮಣ್ಣು ಒಂದು ಚಿಟಿಕೆಯೂ ಹೆಚ್ಚಾಗಿಲ್ಲ, ನೀರಿಗೆ ಸಿಗುವ ಮೈ ಮಾತ್ರ ಇಮ್ಮಡಿಯಾಗಿದೆ.

ಒಬ್ಬ ಮಗನ ತಾಯಿ: ನಾನು ಶಿಕ್ಷಕಿಯಲ್ಲ, ಮನೆಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಒದ್ದೆ ಜೇಡಿಮಣ್ಣಿನ ಎರಡು ಉಂಡೆ ಮಾಡಿ, ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದನ್ನು ಫ್ರೀಜರಿನಲ್ಲಿ, ಇನ್ನೊಂದನ್ನು ಹೊರಗೆ ಇಟ್ಟೆವು. ಮರುದಿನ ಕೂದಲೆಳೆಯಷ್ಟು ಗೆರೆ ಮಾತ್ರ ಕಂಡಿತು. ಮಗನ ಮುಖ ಸಪ್ಪಗಾಯಿತು. ಕರಗಲು ಬಿಟ್ಟು, ನೀರು ಚಿಮುಕಿಸಿ ಮತ್ತೆ ಇಟ್ಟೆವು. ಮೂರನೇ ರಾತ್ರಿ ಕಳೆದ ಮೇಲೆ ಒಂದು ಚಕ್ಕೆ ಕೈಗೇ ಬಂತು. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಬಿರುಕು ಹಿಗ್ಗುವುದು ಹಾಗೆಯೇ, ಸ್ವಲ್ಪ ಸ್ವಲ್ಪವಾಗಿ. ನೀರು ತುಂಬಿದ ಗಾಜಿನ ಬಾಟಲಿಯನ್ನು ಮಾತ್ರ ಫ್ರೀಜರಿನಲ್ಲಿ ಇಡಬೇಡಿ, ಒಡೆದು ಚೂರಾಗುತ್ತದೆ.

ಶಾಲಾ ತೋಟ ನೋಡಿಕೊಳ್ಳುವವರು: ಸವೆತಕ್ಕೆ ಮೂರು ಬಾಟಲಿಯ ಪ್ರಯೋಗವೇ ಸಾಕು. ದೊಡ್ಡ ಬಾಟಲಿಗಳನ್ನು ಮಲಗಿಸಿ, ಮೇಲ್ಮೈ ಕತ್ತರಿಸಿ, ಮೂರಕ್ಕೂ ಒಂದೇ ಮಣ್ಣು ತುಂಬಿ. ಒಂದು ಬರಿಮಣ್ಣು, ಒಂದಕ್ಕೆ ಒಣ ಎಲೆಯ ಹೊದಿಕೆ, ಮೂರನೆಯದರಲ್ಲಿ ಹುಲ್ಲು. ಬಾಯಿ ತುಸು ತಗ್ಗಾಗಿರಲಿ, ಕೆಳಗೆ ಲೋಟ ಇಡಿ. ನೀರನ್ನು ಲೋಟದಿಂದ ಸುರಿಯಬೇಡಿ. ಮುಚ್ಚಳಕ್ಕೆ ತೂತು ಕೊರೆದ ಇನ್ನೊಂದು ಬಾಟಲಿಯಿಂದ, ಒಂದೇ ಎತ್ತರದಿಂದ, ಒಂದೇ ಅಳತೆಯಲ್ಲಿ ಮಳೆಗರೆಯಿರಿ. ಮೊದಲ ಲೋಟಕ್ಕೆ ಕೆಸರೇ ಬೀಳುತ್ತದೆ. ನಾನು ಹುಲ್ಲಿನ ಬೀಜವನ್ನು ಐದೇ ದಿನ ಮೊದಲು ಬಿತ್ತಿ ಕೆಟ್ಟಿದ್ದೆ, ಮೊಳಕೆಯ ಬೇರಿಗೆ ಹಿಡಿತವೇ ಇರಲಿಲ್ಲ. ಎರಡು ಮೂರು ವಾರ ಮೊದಲೇ ಬಿತ್ತಿ. ಆದರೆ ಆ ಸಲ ಎಲೆ ಹೊದಿಸಿದ ಬಾಟಲಿಯ ನೀರು ಹುಲ್ಲಿನದಕ್ಕಿಂತ ತಿಳಿಯಾಗಿತ್ತು. ಬೇರು ಹಿಡಿದಿಡುವುದು ಒಂದು, ಹನಿಯ ಪೆಟ್ಟನ್ನು ತಡೆಯುವುದು ಇನ್ನೊಂದು ಎಂದು ನನಗೇ ಸರಿಯಾಗಿ ಅರ್ಥವಾದದ್ದು ಆವತ್ತು. ಬರಿಮಣ್ಣಿನ ಹಿಂದೆ ಬಿಳಿ ಹಾಳೆ ನಿಲ್ಲಿಸಿ. ಸಿಡಿದ ಕೆಸರಿನ ಚುಕ್ಕಿ ಎಷ್ಟು ಎತ್ತರಕ್ಕೆ ಹೋಯಿತೆಂದು ಮಕ್ಕಳು ಅಳೆಯಲಿ.

ಲೋಟಗಳನ್ನು ಚೆಲ್ಲಬೇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ನವಿರಾದ ಜೇಡಿ ಮರುದಿನವೂ ತೇಲುತ್ತಿರುತ್ತದೆ. ಒಟ್ಟುವುದನ್ನು ತೋರಿಸಲು ಬೇರೆ ಪ್ರಯೋಗ ಬೇಡ.

ನಿವೃತ್ತ ಭೂಗೋಳ ಶಿಕ್ಷಕ: ಎಲ್ಲ ಸರಿ, ನನ್ನದೊಂದು ತಕರಾರು. ತಟ್ಟೆಯಲ್ಲಿ ಮರಳು ಹರಡಿ ನೀರು ಹರಿಸುವಂಥ ಪ್ರಯೋಗಗಳು ಕಾಲದ ವಿಷಯದಲ್ಲಿ ಸುಳ್ಳು ಹೇಳುತ್ತವೆ. ಹತ್ತು ನಿಮಿಷದಲ್ಲಿ ಕಣಿವೆ ಕೊರೆದ ಮಗು ಬೆಟ್ಟವೂ ಹಾಗೆಯೇ ಕರಗುತ್ತದೆ ಎಂದುಕೊಳ್ಳುತ್ತದೆ. ನಾನು ಒಂದು ಲೆಕ್ಕ ಕೊಡುತ್ತಿದ್ದೆ: ನಯಾಗರ ಜಲಪಾತ ತನ್ನ ಬಂಡೆಯನ್ನು ತಾನೇ ಕೊರೆಯುತ್ತ ಸುಮಾರು 12,000 ವರ್ಷಗಳಲ್ಲಿ ಸುಮಾರು 11 ಕಿ.ಮೀ. ಹಿಂದೆ ಸರಿದಿದೆ, ವರ್ಷಕ್ಕೆ ಎಷ್ಟಾಯಿತು? ಭಾಗಿಸಿದರೆ ಒಂದು ಮೀಟರಿಗೂ ಕಡಿಮೆ. ಅದೂ ವೇಗದ ಸವೆತವೇ. ಆಮೇಲೆ ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಸೂರಿನ ನೀರು ಬೀಳುವ ಜಾಗದಲ್ಲಿ ಮಣ್ಣು ಕೊಚ್ಚಿಹೋಗಿ ಹರಳು ಮಾತ್ರ ಉಳಿದ ಗೆರೆ, ನಡುವೆ ಗುಳಿಬಿದ್ದ ಹಳೆಯ ಮೆಟ್ಟಿಲು, ಗೋಡೆಯ ಸಂದಿಯಲ್ಲಿ ಬೇರು ಬಿಟ್ಟ ಗಿಡ. ಕಾಸಿನ ಖರ್ಚಿಲ್ಲ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಹುಲ್ಲು ಬಿತ್ತಿದ್ದೇವೆ. ಡಬ್ಬಿ ಕುಲುಕಿ, ಮರಳಿನ ತಟ್ಟೆಯಲ್ಲಿ ನೀರು ಹರಿಸಿದ್ದಾಯಿತು. ನಾನು “ಈಗ ಯಾವುದು?” ಎಂದು ಕೇಳಿದೆ. “ಒಯ್ಯುವುದು” ಎಂದು ಎಲ್ಲರೂ ಕೂಗಿದರು. ಹಿಂದಿನ ಸಾಲಿನ ಹುಡುಗನೊಬ್ಬ, “ಹಾಗಾದರೆ ಈ ಮರಳನ್ನು ಮೊದಲು ಒಡೆದದ್ದು ಯಾರು?” ಎಂದ. ಉತ್ತರ ಹೇಳುವ ಬದಲು ಭೂತಗನ್ನಡಿ ಕೊಟ್ಟೆ. ಕೆಲವು ಕಣ ಮೊನಚಾಗಿದ್ದವು, ಕೆಲವು ದುಂಡಗೆ. ಪಕ್ಕದ ಹುಡುಗಿ ಭೂತಗನ್ನಡಿ ಕಸಿದುಕೊಂಡು ನೋಡಿ, “ಟೀಚರ್, ಈ ದುಂಡಗಿನದು ಜಾಸ್ತಿ ಕುಲುಕಿಸಿಕೊಂಡಿದೆ” ಎಂದಳು.