ಸಹಿ ಹಾಕಿದವಳು ಹೆಂಡತಿ

“ಮದುವೆ ಒಬ್ಬಳಿಗೆ, ಹಸೆಮಣೆ ಮೇಲೆ ಇಬ್ಬರು. ಇದೆಂಥ ಕಾನೂನಪ್ಪಾ?” ಅಂತ ಸೀನ ಶುರು ಹಚ್ಚಿಕೊಂಡ. ಅಮೆರಿಕದ ಆಬಿ–ಬ್ರಿಟನಿ ಹೆನ್ಸೆಲ್ ಸಯಾಮಿ ಅವಳಿ, ಅಂದರೆ ಮೈ ಅಂಟಿಕೊಂಡೇ ಹುಟ್ಟಿದವರು. ಮೈ ಒಂದೇ, ತಲೆ ಎರಡು. ಅವರ ಪೈಕಿ ಆಬಿಗೆ 2021ರಲ್ಲೇ ಮದುವೆಯಾಗಿದೆ. 2024ರಲ್ಲಿ ಅದು ದೊಡ್ಡ ಸುದ್ದಿಯೂ ಆಯಿತು. ಸೀನನ ಫೋನಿಗೆ ಮಾತ್ರ ಈಗ ಬಂದಿದೆ.

“ಗಂಡನ ಮೇಲೆ ಇಬ್ಬರು ಹೆಂಡಿರ ಕೇಸು ಬೀಳಲ್ವಾ?”

ಲಾಯರ್ ಮೂರ್ತಿ ಕಡಲೆಕಾಯಿ ಸಿಪ್ಪೆ ಊದಿದ. “ಕಾನೂನು ಎಣಿಸೋದು ತಲೆ, ಮೈ ಅಲ್ಲ. ಇಬ್ಬರಿಗೂ ಬೇರೆ ಬೇರೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟಿದ್ದಾರೆ. ಸಹಿ ಹಾಕಿದವಳು ಹೆಂಡತಿ, ಪಕ್ಕದಲ್ಲಿರೋಳು ನಾದಿನಿ. ನಮ್ಮ ಸ್ಪೆಷಲ್ ಮ್ಯಾರೇಜ್ ಆಕ್ಟ್‌ಗೆ ಮೂರು ಜನ ಸಾಕ್ಷಿ ಬೇಕು. ಒಬ್ಬರು ಅಲ್ಲೇ ರೆಡಿ!”

“ಇದೇನು ಹೊಸದಾ?” ಅಂದರು ಮಾಲತಕ್ಕ. “ಇವರ ಹಾಗೇ ಅಂಟಿಕೊಂಡು ಹುಟ್ಟಿದ ಚಾಂಗ್–ಎಂಗ್ ಅಣ್ಣತಮ್ಮಂದಿರು 1843ರಲ್ಲೇ ನಾರ್ತ್ ಕ್ಯಾರೊಲಿನಾದಲ್ಲಿ ಅಕ್ಕತಂಗೀರನ್ನ ಮದುವೆಯಾದರು. ಇಬ್ಬರಿಗೂ ಸೇರಿ 21 ಮಕ್ಕಳು. ಆಮೇಲೆ ಎರಡು ಮನೆ ಮಾಡಿದರು. ಮೂರು ದಿನ ಇವನ ಮನೆ, ಮೂರು ದಿನ ಅವನ ಮನೆ. ಯಾರ ಮನೆಯೋ ಅವನದೇ ಯಜಮಾನಿಕೆ. ಇನ್ನೊಬ್ಬ ಬಾಯಿ ಬಿಡೋ ಹಾಗಿಲ್ಲ.”

“ಬೇರೆಯಾದ ಅಣ್ಣತಮ್ಮಂದಿರು ಹೀಗೆ ಜೊತೇಲಿ ಓಡಾಡಿದ್ದು ಇದೊಂದೇ ಕಡೆ ಇರಬೇಕು” ಅಂದೆ ನಾನು. ನಮ್ಮೂರಲ್ಲಿ ಪಾಲಾದ ಮೇಲೆ ಬದುವಿನ ಹತ್ತಿರ ಎದುರಾದರೂ ಮುಖ ತಿರುಗಿಸುತ್ತಾರೆ.

“ತಮಾಷೆ ಅಲ್ಲ ಕಣೋ. 1874ರ ಜನವರಿಯಲ್ಲಿ ಚಾಂಗ್‌ಗೆ ಹುಷಾರಿರಲಿಲ್ಲ. ಸರದಿ ಎಂಗ್ ಮನೇದು. ಆ ಚಳೀಲೂ ಗಾಡಿ ಹತ್ತಿ ಹೊರಟರು. ಅಲ್ಲೇ ಚಾಂಗ್ ಹೋದ, ಕೆಲವೇ ಗಂಟೇಲಿ ಎಂಗ್ ಕೂಡ.”

ಸೀನ ಸ್ವಲ್ಪ ಹೊತ್ತು ತಣ್ಣಗಾದ. ಆಮೇಲೆ ಮತ್ತೆ, “ಅಲ್ಲಾ, ಆದ್ರೂ ರಾತ್ರಿ ಹೊತ್ತು...”

“ನಿನ್ನಂಥವರೇ ಅವತ್ತು ರಿಜಿಸ್ಟ್ರಾರ್ ಆಗಿದ್ದಿರಬೇಕು” ಅಂತ ಮಾಲತಕ್ಕ ಮೇಲೆ ಬಿದ್ದರು. “ವಯಲೆಟ್ ಹಿಲ್ಟನ್ 1934ರಲ್ಲಿ ನ್ಯೂಯಾರ್ಕಲ್ಲಿ ಮದುವೆ ಲೈಸೆನ್ಸ್ ಕೇಳಿದಳು. ಅವಳಿ ಸೋದರಿ ಡೇಸಿ ಸೊಂಟಕ್ಕೇ ಅಂಟಿಕೊಂಡಿದ್ದಾಳೆ, ಇದು ಮರ್ಯಾದೆಗೆಟ್ಟದ್ದು ಅಂತ ಕೊಡಲಿಲ್ಲ. ಎಷ್ಟೋ ರಾಜ್ಯಗಳಲ್ಲಿ ಅದೇ ಕಥೆ. ಎರಡೇ ವರ್ಷಕ್ಕೆ ಡಲ್ಲಾಸ್‌ನ ಕಾಟನ್ ಬೌಲ್ ಸ್ಟೇಡಿಯಂನಲ್ಲಿ, ಜಾತ್ರೆ ಜನರ ಎದುರು ಮದುವೆ ಆಯ್ತು, ಗಂಡು ಮಾತ್ರ ಬೇರೆಯವನು. ಆಗ ಯಾರ ಮರ್ಯಾದೆಯೂ ಹೋಗಲಿಲ್ಲ!”

ನನಗಂತೂ ಇದೇ ಜಾಸ್ತಿ ಸಿಟ್ಟು ತರಿಸಿದ್ದು. ಬಾಗಿಲು ಹಾಕಿಕೊಂಡು ಸಂಸಾರ ಮಾಡಿದರೆ ಅಸಹ್ಯ, ಜನ ಕೂತು ನೋಡಿದರೆ ಸಂಭ್ರಮ.

“ನಿಜವಾದ ತೊಡಕು ಬೇರೆ ಇದೆ” ಅಂದ ಮೂರ್ತಿ. “ಮದುವೆಗೆ ಗಂಡು ಹೆಣ್ಣು ಒಪ್ಪಿದರೆ ಸಾಕು. ಜೊತೆಗಿರೋಳು ಒಪ್ಪಿದಳಾ ಅಂತ ಯಾವ ಫಾರಂ ಕೇಳುತ್ತೆ? ಬೇಡ ಅನ್ನಿಸಿದರೆ ಅವಳು ಎದ್ದು ಹೋಗೋದೆಲ್ಲಿಗೆ?”

“ಕೇಳೋಕೆ ಮನಸ್ಸಿದ್ದರೆ ದಾರಿ ಸಿಗುತ್ತೆ” ಅಂದರು ಮಾಲತಕ್ಕ. “ಅಮೃತಸರದ ಸಯಾಮಿ ಅವಳಿ ಸೋಹ್ನಾ–ಮೋಹ್ನಾ 2022ರಲ್ಲಿ ಮೊದಲ ಸಲ ಓಟು ಹಾಕಿದರು. ಎರಡು ಓಟು. ಒಬ್ಬನ ಓಟು ಇನ್ನೊಬ್ಬನಿಗೆ ಕಾಣಬಾರದು ಅಂತ ಕನ್ನಡಕ ಕೊಟ್ಟಿದ್ದರು.”

ಸೀನ ತುಂಬಾ ಯೋಚನೆಯಲ್ಲಿದ್ದ. ಕೊನೆಗೆ ಕೇಳಿಯೇ ಬಿಟ್ಟ. “ಇಂಥ ಮದುವೆಗೆ ಹೋದರೆ ಮುಯ್ಯಿ ಕವರ್ ಒಂದಾ, ಎರಡಾ?”

“ನೀನು ಮನೆಮಂದಿ ಏಳೂ ಜನ ಹೋಗಿ ಉಂಡು ಒಂದೇ ಕವರ್ ಕೊಡ್ತೀಯಲ್ಲ, ಆಗ ಯಾವ ಲೆಕ್ಕ?” ಅಂದರು ಮಾಲತಕ್ಕ.